ಜೋಡಿ ಆಟದ ವಿದ್ಯೆ ಮತ್ತು ಶಿಯೆ ಸು-ವೇ

ಟೆನಿಸ್ ವಾರ್ತೆಗಳನ್ನು ಆಸಕ್ತಿಯಿಂದ ಓದತಕ್ಕ ನಮ್ಮ ಜನರಲ್ಲಿ, ತೈವಾನ್ ದೇಶದ ಶಿಯೆ ಸು-ವೇ ಎಂಬ ಆಟಗಾರ್ತಿಯ ಹೆಸರನ್ನು ಬಲ್ಲವರು ಬಹಳ ಮಂದಿ ಇರಲಾರರೆಂಬುದು ನನಗೆ ಬಹುಕಾಲದಿಂದ ಖೇದವನ್ನುಂಟುಮಾಡಿರುವ ಸಂಗತಿ. ಮಹಿಳೆಯರ ಡಬಲ್ಸ್‌ನಲ್ಲಿ ಏಳು, ಮಿಶ್ರ ಡಬಲ್ಸ್‌ನಲ್ಲಿ ಎರಡು, ಹೀಗೆ ಒಟ್ಟು ಒಂಬತ್ತು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಗಳನ್ನು ಗಳಿಸಿ, ಡಬಲ್ಸ್‌ನಲ್ಲಿ ಜಗತ್ತಿನ ಅಗ್ರಸ್ಥಾನವನ್ನೇರಿದ ಈಕೆಯ ಹೆಸರು ಮನೆಮಾತಾಗದೆ ಉಳಿದಿರುವುದಕ್ಕೆ ಕಾರಣವು ಆಕೆಯಲ್ಲಿಲ್ಲ, ನಮ್ಮ ದೃಷ್ಟಿಯಲ್ಲಿದೆ. ಸಿಂಗಲ್ಸ್ ಪಂದ್ಯವನ್ನೇ ಟೆನಿಸ್ಸಿನ ಸಾರಸರ್ವಸ್ವವೆಂದು ಭಾವಿಸಿ, ಡಬಲ್ಸ್ ಪಂದ್ಯವನ್ನು ಅದರ ಶೇಷಭಾಗವೆಂಬಂತೆ ವಾರ್ತೆಯ ಕೊನೆಯ ಎರಡು ಸಾಲುಗಳಲ್ಲಿ ಮುಗಿಸಿಬಿಡುವ ಪದ್ಧತಿಯು ಪತ್ರಿಕೆಗಳಲ್ಲಿಯೂ ಪ್ರೇಕ್ಷಕರಲ್ಲಿಯೂ ಗಟ್ಟಿಯಾಗಿ ಬೇರೂರಿದೆ. ಡಬಲ್ಸ್ ಎಂಬುದು ಸ್ವತಂತ್ರವಾದ ಒಂದು ವಿದ್ಯೆ, ಅದಕ್ಕೆ ಅದರದೇ ಆದ ಲಕ್ಷಣಗಳೂ ಅದರದೇ ಆದ ಪ್ರತಿಭೆಗಳೂ ಉಂಟು ಎಂಬ ಮಾತಿಗೆ ಈ ಆಟಗಾರ್ತಿಯ ಜೀವನಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ಶಿಯೆ ಸು-ವೇ ಹುಟ್ಟಿದ್ದು 1986ರ ಜನವರಿಯಲ್ಲಿ. ಆಕೆಯ ಮೊದಲ ಗುರು ತಂದೆಯೇ. ತಂಗಿಯರೂ ಟೆನಿಸ್ ಆಡಿದವರು. ಆಧುನಿಕ ಮಹಿಳಾ ಟೆನಿಸ್ ಬೇಸ್‌ಲೈನಿನಲ್ಲಿ ನಿಂತು ಚೆಂಡನ್ನು ಬಲವಾಗಿ ಹೊಡೆಯತಕ್ಕವರ ಆಟವಾಗಿ ಪರಿಣಮಿಸಿದ ಕಾಲದಲ್ಲಿ, ದೇಹಬಲದಲ್ಲಾಗಲಿ ಸರ್ವಿನ ವೇಗದಲ್ಲಾಗಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲದಿದ್ದ ಈಕೆ, ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡ್ ಎರಡನ್ನೂ ಎರಡು ಕೈಗಳಿಂದಲೇ ಹೊಡೆಯುವ ವಿರಳವಾದ ಶೈಲಿಯನ್ನು ರೂಢಿಸಿಕೊಂಡಳು. ಈ ಶೈಲಿಗೆ ಒಂದು ಗುಣವೂ ಒಂದು ದೋಷವೂ ಇವೆ. ರ‍್ಯಾಕೆಟ್ಟನ್ನು ಎರಡು ಕೈಗಳಿಂದ ಹಿಡಿದಾಗ ಮಣಿಕಟ್ಟಿನ ಕಡೆಯ ಕ್ಷಣದ ತಿರುವನ್ನು ಎದುರಾಳಿಯು ಊಹಿಸುವುದು ಕಷ್ಟವಾಗುತ್ತದೆ. ಚೆಂಡು ಅಡ್ಡಲಾಗಿ ಹೋಗುವುದೋ, ನೇರವಾಗಿ ಹೋಗುವುದೋ, ನೆಟ್ಟನ್ನು ದಾಟಿದೊಡನೆ ಸತ್ತು ಬೀಳುವುದೋ, ಲಾಬ್ ಆಗಿ ತಲೆಯ ಮೇಲೆ ಸಾಗುವುದೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಆದರೆ ಒಂದೇ ಕೈ ಚಾಚಿದಾಗ ಎಟಕುವಷ್ಟು ದೂರಕ್ಕೆ ಎರಡು ಕೈಗಳು ಎಟಕಲಾರವಾದ್ದರಿಂದ, ಅಂಗಣದ ಉದ್ದಗಲವನ್ನು ಒಬ್ಬಳೇ ಕಾಯಬೇಕಾದ ಸಿಂಗಲ್ಸ್‌ನಲ್ಲಿ ಆ ಕೊರತೆಯನ್ನು ಕಾಲುಗಳೇ ತುಂಬಬೇಕಾಗುತ್ತದೆ. ಡಬಲ್ಸ್‌ನಲ್ಲಾದರೋ ಅಂಗಣದ ಅಗಲವು 27 ಅಡಿಯಿಂದ 36 ಅಡಿಗೆ ಹಿಗ್ಗಿದರೂ ಕಾಯುವ ಭಾರವು ಇಬ್ಬರಿಗೆ ಹಂಚಿಹೋಗುತ್ತದೆ. ಹಿಗ್ಗಿದ ಅಂಚುಗಳೋ ಓರೆಯಾಗಿ ಹೊಡೆಯಬಲ್ಲವರಿಗೆ ಹೊಸ ಕೋನಗಳನ್ನು ಒದಗಿಸುತ್ತವೆ. ದೋಷವು ಕುಗ್ಗಿ ಗುಣವು ಬೆಳೆಯತಕ್ಕ ಕ್ಷೇತ್ರವೊಂದನ್ನು ಈ ಕೈಗಳು ಹೀಗೆ ಕಂಡುಕೊಂಡವು.

ಸಿಂಗಲ್ಸ್‌ನಲ್ಲಿ ಮುಂದೆ ಬರಲಾರದವರು ಡಬಲ್ಸ್‌ನ ಆಶ್ರಯ ಪಡೆಯುತ್ತಾರೆಂಬ ಮಾತನ್ನು ಹಲವರು ಆಡುವುದುಂಟು. ಆ ಮಾತು ಈಕೆಯ ವಿಷಯದಲ್ಲಿ ನಿಲ್ಲತಕ್ಕದ್ದಲ್ಲ. 2008ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಬಂದು ನಾಲ್ಕನೆಯ ಸುತ್ತನ್ನು ಮುಟ್ಟಿದವಳು; ಸಿಂಗಲ್ಸ್ ರ‍್ಯಾಂಕಿಂಗ್‌ನಲ್ಲಿ 23ನೆಯ ಸ್ಥಾನದವರೆಗೆ ಏರಿದವಳು. 2018ರ ವಿಂಬಲ್ಡನ್‌ನಲ್ಲಿ ಆಗಿನ ಅಗ್ರಮಾನ್ಯಳಾದ ಸಿಮೋನಾ ಹಾಲೆಪ್‌ಳನ್ನು, ಮೊದಲ ಸೆಟ್ಟನ್ನು ಕಳೆದುಕೊಂಡ ಮೇಲೆಯೂ ಸೋಲಿಸಿದಳು. ಮರುವರ್ಷ ಮಯಾಮಿಯಲ್ಲಿ ಆ ಹೊತ್ತಿನ ಅಗ್ರಮಾನ್ಯಳಾದ ನವೋಮಿ ಒಸಾಕಾಳನ್ನೂ ಸೋಲಿಸಿದಳು. 2021ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದಾಗ ಆಕೆಗೆ 35 ವರ್ಷ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಅಷ್ಟು ವಯಸ್ಸಾದ ಮೇಲೆ ಪ್ರಥಮ ಬಾರಿಗೆ ಆ ಘಟ್ಟವನ್ನು ಮುಟ್ಟಿದವರು ವೃತ್ತಿಪರ ಯುಗದಲ್ಲಿ ಅದುವರೆಗೆ ಬೇರೆ ಯಾರೂ ಇರಲಿಲ್ಲ.

ಆದರೆ ಆಕೆಯ ಆಟದ ಪೂರ್ಣವಾದ ಅರಳುವಿಕೆಯನ್ನು ನೋಡಬೇಕಾದರೆ ಆಕೆಯ ಜೊತೆಗಾರ್ತಿಯರ ಸಾಲನ್ನು ನೋಡಬೇಕು. 2013ರಲ್ಲಿ ಚೀನದ ಪೆಂಗ್ ಶುವಾಯ್‌ಳೊಡನೆ ವಿಂಬಲ್ಡನ್ ಗೆದ್ದು ತೈವಾನಿಗೆ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಯನ್ನು ತಂದಳು. ಮರುವರ್ಷ ಅದೇ ಜೋಡಿಯು ಇಟಲಿಯ ಸಾರಾ ಎರಾನಿ ಮತ್ತು ರೊಬೆರ್ತಾ ವಿಂಚಿಯರನ್ನು ಸೋಲಿಸಿ ಫ್ರೆಂಚ್ ಓಪನ್ ಗೆದ್ದಿತು. ತೈವಾನಿನ ಕ್ರೀಡಾಪಟುಗಳು ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶದ ಹೆಸರನ್ನು ಹೇಳಿಕೊಳ್ಳಲಾಗದೆ ಚೈನೀಸ್ ತೈಪೆ ಎಂಬ ಹೆಸರಿನಲ್ಲಿ ಸ್ಪರ್ಧಿಸಬೇಕಾದ ರಾಜಕೀಯ ಪರಿಸ್ಥಿತಿಯನ್ನು ಬಲ್ಲವರಿಗೆ, ಜಲಸಂಧಿಯ ಎರಡು ದಡಗಳ ಇಬ್ಬರು ಹೆಣ್ಣುಮಕ್ಕಳು ಒಂದೇ ಪಾಳೆಯದಲ್ಲಿ ನಿಂತು ಜಗತ್ತನ್ನು ಗೆದ್ದ ಆ ದೃಶ್ಯವು ಸಾಮಾನ್ಯವಾಗಿ ಕಾಣಲಾರದು. ಬಳಿಕ ಐದು ವರ್ಷಗಳ ಕಾಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಯಿಲ್ಲ. 2019ರಲ್ಲಿ ಚೆಕ್ ದೇಶದ ಬಾರ್ಬೊರಾ ಸ್ಟ್ರಿಕೋವಾಳೊಡನೆ ಮತ್ತೆ ವಿಂಬಲ್ಡನ್. 2021ರಲ್ಲಿ ಬೆಲ್ಜಿಯಂನ ಎಲಿಸ್ ಮೆರ್ಟೆನ್ಸ್‌ಳೊಡನೆ, ಫೈನಲಿನಲ್ಲಿ ಎದುರಾಳಿಗಳು ಪ್ರಶಸ್ತಿಗೆ ಒಂದೇ ಪಾಯಿಂಟಿನ ದೂರದಲ್ಲಿದ್ದಾಗ ಹೋರಾಡಿ ತಿರುಗಿ ಬಂದು, ಮೂರನೆಯ ವಿಂಬಲ್ಡನ್. ಅನಂತರ ಸುಮಾರು ಒಂದೂವರೆ ವರ್ಷ ಅಂಗಣದಿಂದ ದೂರವಿದ್ದು, 2023ರಲ್ಲಿ ಹಿಂದಿರುಗಿದವಳು ತನಗಿಂತ ಬಹಳ ಕಿರಿಯಳಾದ ಚೀನದ ವಾಂಗ್ ಶಿನ್‌ಯುವಿನೊಡನೆ ಫ್ರೆಂಚ್ ಓಪನ್ ಗೆದ್ದು, ಕೆಲವೇ ವಾರಗಳಲ್ಲಿ, ತಾಯಿಯಾದ ಬಳಿಕ ಆಟಕ್ಕೆ ಮರಳಿದ್ದ ಸ್ಟ್ರಿಕೋವಾಳೊಡನೆ ನಾಲ್ಕನೆಯ ಬಾರಿ ವಿಂಬಲ್ಡನ್ ಗೆದ್ದಳು.

ಇಷ್ಟು ಭಿನ್ನ ಸ್ವಭಾವದ, ಭಿನ್ನ ವಯಸ್ಸಿನ, ಭಿನ್ನ ಭಾಷೆಯ ಜೊತೆಗಾರ್ತಿಯರೊಡನೆ ಒಬ್ಬಳೇ ಗೆಲ್ಲುತ್ತ ಬಂದುದನ್ನು ಕಾಕತಾಳೀಯವೆಂದು ತಳ್ಳಿಹಾಕಲಾಗದು. ಸಂಗೀತ ಕಚೇರಿಯಲ್ಲಿ ಪಕ್ಕವಾದ್ಯದವರ ಮನೋಧರ್ಮವನ್ನರಿತು ತನ್ನ ಗಾಯನಕ್ಕೆ ರೂಪ ಕೊಡತಕ್ಕ ವಿದುಷಿಯಂತೆ, ಬಲವಾಗಿ ಹೊಡೆಯುವ ಜೊತೆಗಾರ್ತಿಯಿದ್ದರೆ ಆಕೆಗೆ ಸುಲಭವಾದ ಚೆಂಡು ಸಿಗುವಂತೆ ಕೋನಗಳನ್ನು ಕಟ್ಟುವುದು, ನೆಟ್ಟಿನ ಬಳಿ ಚುರುಕಾದವಳಿದ್ದರೆ ಎದುರಾಳಿಯು ಮೇಲೆತ್ತಿ ಆಡಲೇಬೇಕಾಗುವಂತೆ ಪಾದದ ಬಳಿಗೆ ತಗ್ಗಿಸಿ ಕಳುಹಿಸುವುದು, ಇವೇ ಆಕೆಯ ನಿಜವಾದ ಸಾಧನೆಗಳು. ಅಂಕಪಟ್ಟಿಯಲ್ಲಿ ಇವು ಕಾಣುವುದಿಲ್ಲ. ಗೆದ್ದ ಹೊಡೆತವು ಜೊತೆಗಾರ್ತಿಯ ಹೆಸರಿನಲ್ಲಿ ಬರೆಯಲ್ಪಡುತ್ತದೆ. ಅದಕ್ಕೆ ಹಿಂದಿನ ಹೊಡೆತವನ್ನು ನೋಡುವ ಅಭ್ಯಾಸವಿದ್ದವರಿಗೆ ಮಾತ್ರ ಆ ಪಾಯಿಂಟು ಯಾರದೆಂಬುದು ತಿಳಿಯುತ್ತದೆ.

2024ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆದುದನ್ನು ಕನ್ನಡಿಗರಾದರೂ ವಿಶೇಷವಾಗಿ ಗಮನಿಸಬೇಕಾಗಿತ್ತು. 26ರಂದು ಶಿಯೆ, ಪೋಲೆಂಡಿನ ಯಾನ್ ಝೆಲಿನ್‌ಸ್ಕಿಯೊಡನೆ ಮಿಶ್ರ ಡಬಲ್ಸ್ ಗೆದ್ದಳು. 27ರಂದು ಕೊಡಗಿನ ರೋಹನ್ ಬೋಪಣ್ಣನವರು 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಜೊತೆಯಲ್ಲಿ ಪುರುಷರ ಡಬಲ್ಸ್ ಗೆದ್ದರು. 28ರಂದು 38 ವರ್ಷದ ಶಿಯೆ, ಮೆರ್ಟೆನ್ಸ್‌ಳೊಡನೆ ಮಹಿಳೆಯರ ಡಬಲ್ಸನ್ನೂ ಗೆದ್ದಳು. ಬೋಪಣ್ಣನವರ ವಿಜಯವನ್ನು ನಾವು ನ್ಯಾಯವಾಗಿಯೇ ಹೆಮ್ಮೆಯಿಂದ ಕೊಂಡಾಡಿದೆವು. ಆದರೆ ಅವರ ವಯಸ್ಸನ್ನು ಕಂಡು ಬೆರಗಾದ ನಾವು, ಆ ವಯಸ್ಸಿನಲ್ಲಿ ಅದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಡಬಲ್ಸ್‌ನಲ್ಲಿ ಪಾಯಿಂಟುಗಳು ಬೇಗ ಮುಗಿಯುತ್ತವೆ, ಓಟವು ಕಡಿಮೆ, ಆದ್ದರಿಂದ ದೇಹವು ತಾಳುತ್ತದೆ ಎಂಬ ವಿವರಣೆಯು ಅರ್ಧಸತ್ಯ ಮಾತ್ರ. ನಾಲ್ವರು ಆಟಗಾರರ ಚಲನೆಯನ್ನು ಏಕಕಾಲದಲ್ಲಿ ಗ್ರಹಿಸಿ, ತೆರವು ಉಂಟಾಗುವುದಕ್ಕೆ ಮುಂಚೆಯೇ ಅದು ಎಲ್ಲಿ ಉಂಟಾದೀತೆಂದು ತಿಳಿಯುವ ವಿವೇಕವು ಇಪ್ಪತ್ತರ ಪ್ರಾಯದಲ್ಲಿ ಬರತಕ್ಕದ್ದಲ್ಲ. ಅದು ಸಹಸ್ರಾರು ಪಂದ್ಯಗಳ ಅನುಭವದಿಂದ ನಿಧಾನವಾಗಿ ಸಂಚಯಗೊಳ್ಳುವ ಜ್ಞಾನ.

ಶಿಯೆ ನಮ್ಮ ಊರಿಗೆ ಅಪರಿಚಿತಳೂ ಅಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ನಡೆದ ಡಬ್ಲ್ಯುಟಿಎ ಟೂರ್ನಿಯ ಡಬಲ್ಸ್ ಫೈನಲಿನಲ್ಲಿ 21 ವರ್ಷದ ಆಕೆ, ರಷ್ಯದ ಅಲ್ಲಾ ಕುದ್ರ್ಯಾವ್‌ತ್ಸೆವಾಳೊಡನೆ ಆಡಿ, ತನ್ನ ದೇಶದವರೇ ಆದ ಚಾನ್ ಯುಂಗ್-ಜಾನ್ ಮತ್ತು ಚುವಾಂಗ್ ಚಿಯಾ-ಜುಂಗ್ ಜೋಡಿಗೆ ಸೋತಳು. 2014ರಲ್ಲಿ ಸಿಂಗಪುರದಲ್ಲಿ ನಡೆದ ವರ್ಷಾಂತ್ಯದ ಟೂರ್ನಿಯಲ್ಲಿ ಆಕೆಯನ್ನೂ ಪೆಂಗ್‌ಳನ್ನೂ ಒಂದೇ ಒಂದು ಗೇಮ್ ಬಿಟ್ಟುಕೊಟ್ಟು ಸೋಲಿಸಿದ ಜೋಡಿಯಲ್ಲಿ ನಮ್ಮ ಸಾನಿಯಾ ಮಿರ್ಜಾ ಇದ್ದಳು. ಭಾರತವೂ ತೈವಾನೂ ಡಬಲ್ಸ್‌ನಲ್ಲಿಯೇ ಜಗತ್ತಿನ ಶಿಖರವನ್ನು ಮುಟ್ಟಿದ ದೇಶಗಳು. ಹಾಗಿರುವಾಗ ಈ ಆಟವನ್ನು ಗೌಣವೆಂದು ಕಾಣುವವರ ಗುಂಪಿನಲ್ಲಿ ನಾವೂ ಸೇರುವುದು ನಮ್ಮವರ ಶ್ರಮಕ್ಕೆ ನಾವೇ ಮಾಡುವ ಅವಮಾನ.

ಇಷ್ಟನ್ನು ಈಗ ಬರೆಯಬೇಕಾಗಿ ಬಂದುದಕ್ಕೆ ತಕ್ಷಣದ ಕಾರಣವೊಂದುಂಟು. 2025ರಲ್ಲಿ ಯು.ಎಸ್. ಓಪನ್‌ನ ವ್ಯವಸ್ಥಾಪಕರು ಮಿಶ್ರ ಡಬಲ್ಸ್ ಸ್ಪರ್ಧೆಯನ್ನು ಪ್ರಧಾನ ಟೂರ್ನಿಗಿಂತ ಮುಂಚಿನ ವಾರದ ಎರಡು ದಿನಗಳಿಗೆ ಇಳಿಸಿ, ಜೋಡಿಗಳ ಸಂಖ್ಯೆಯನ್ನು 16ಕ್ಕೆ ಕುಗ್ಗಿಸಿ, ಫೈನಲಿಗೆ ಮುಂಚಿನ ಪಂದ್ಯಗಳ ಸೆಟ್ಟನ್ನು ನಾಲ್ಕೇ ಗೇಮುಗಳಿಗೆ ಮೊಟಕು ಮಾಡಿ, ಎಂಟು ಜೋಡಿಗಳಿಗೆ ಸಿಂಗಲ್ಸ್ ರ‍್ಯಾಂಕಿಂಗ್ ನೋಡಿ ಪ್ರವೇಶವಿತ್ತು, ಉಳಿದ ಎಂಟನ್ನು ತಮ್ಮ ವೈಲ್ಡ್ ಕಾರ್ಡಿಗೆ ಇಟ್ಟುಕೊಂಡರು. ವಿಜೇತರಿಗೆ ಹತ್ತು ಲಕ್ಷ ಡಾಲರು, ತುಂಬಿದ ಪ್ರೇಕ್ಷಾಂಗಣ, ಎಲ್ಲವೂ ಇತ್ತು. ಜೀವಮಾನವನ್ನೆಲ್ಲ ಡಬಲ್ಸ್‌ಗೆ ಮೀಸಲಿಟ್ಟವರಿಗೆ ಹಕ್ಕಿನಿಂದ ಪ್ರವೇಶ ಮಾತ್ರ ಇರಲಿಲ್ಲ. ಆದರೂ ಸಿಂಗಲ್ಸ್‌ನ ಮಹಾ ತಾರೆಯರ ನಡುವೆ ಕೊನೆಗೆ ಗೆದ್ದವರು, ಹಿಂದಿನ ವರ್ಷವೂ ಅದೇ ಪ್ರಶಸ್ತಿಯನ್ನು ಗೆದ್ದಿದ್ದು ಈ ಸಲ ವೈಲ್ಡ್ ಕಾರ್ಡ್ ಪಡೆದು ಆಡಿದ ಸಾರಾ ಎರಾನಿ ಮತ್ತು ಆಂದ್ರೆಯಾ ವವಾಸೊರಿ. ಅದಕ್ಕೆ ಹನ್ನೊಂದು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ಶಿಯೆಯ ಎದುರಿಗೆ ನಿಂತು ಸೋತಿದ್ದ ಎರಾನಿಯೇ ಆಕೆ. ಡಬಲ್ಸ್ ಸ್ವತಂತ್ರ ವಿದ್ಯೆಯೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವಾದವೂ ಸ್ಥಾಪಿಸಲಾರದು.

ಪ್ರೇಕ್ಷಕರು ತಾರೆಯರನ್ನು ನೋಡಲು ಬರುತ್ತಾರೆ, ಹಣವು ಪ್ರೇಕ್ಷಕರ ಹಿಂದೆ ಬರುತ್ತದೆ ಎಂಬ ವ್ಯವಸ್ಥಾಪಕರ ಸಮರ್ಥನೆಯಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ತಾರೆಯರು ಆಡಲಿ, ಕೆಲವು ಸ್ಥಾನಗಳನ್ನು ಅವರಿಗೆ ಕೊಡಲಿ. ಆದರೆ ಪ್ರಶಸ್ತಿಗೆ ಗ್ರ್ಯಾನ್‌ಸ್ಲಾಮ್ ಎಂಬ ಹೆಸರನ್ನು ಉಳಿಸಿಕೊಳ್ಳುವುದಾದರೆ ಜೋಡಿಗಳಲ್ಲಿ ಅರ್ಧಕ್ಕಾದರೂ ಡಬಲ್ಸ್ ರ‍್ಯಾಂಕಿಂಗ್‌ನ ಆಧಾರದ ಮೇಲೆ ಪ್ರವೇಶ ದೊರೆಯಬೇಕು, ಸೆಟ್ಟುಗಳು ಆರು ಗೇಮುಗಳವಾಗಿರಬೇಕು, ಪಂದ್ಯಗಳು ಪ್ರಧಾನ ಟೂರ್ನಿಯ ದಿನಗಳಲ್ಲಿಯೇ ನಡೆಯಬೇಕು. ಉಳಿದ ಮೂರು ಗ್ರ್ಯಾನ್‌ಸ್ಲಾಮ್‌ಗಳ ವ್ಯವಸ್ಥಾಪಕರು ನ್ಯೂಯಾರ್ಕಿನ ಮಾದರಿಯನ್ನು ಅನುಸರಿಸುವುದಕ್ಕೆ ಮುಂಚೆ, 2025ರ ವಿಂಬಲ್ಡನ್ ಮಹಿಳಾ ಡಬಲ್ಸ್ ಫೈನಲನ್ನು ಒಮ್ಮೆ ಸಾವಧಾನವಾಗಿ ನೋಡತಕ್ಕದ್ದು. ಹಿಂದೆ ತನ್ನ ಜೊತೆಗಾರ್ತಿಯಾಗಿದ್ದ ಮೆರ್ಟೆನ್ಸ್ ನೆಟ್ಟಿನ ಆಚೆಗೆ, ಹಿಂದೆ ಎದುರಾಳಿಯಾಗಿದ್ದ ಯೆಲೆನಾ ಒಸ್ಟಪೆಂಕೊ ತನ್ನ ಪಕ್ಕಕ್ಕೆ, ಹೀಗೆ ನಿಂತು 39 ವರ್ಷದ ಶಿಯೆ ಸು-ವೇ ಮೂರು ಸೆಟ್ಟುಗಳ ಪೂರ್ಣಪ್ರಮಾಣದ ಪಂದ್ಯವನ್ನು ಆಡಿ ಸೋತಳು.