ಮುಂಜಿಗೆ ಮೊದಲು ಮಗುವನ್ನು ಸರಿಯಾಗಿ ನೋಡಿದ್ದೀರಾ?

ಮಗು ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಮೂರು ಅಳತೆ ತೆಗೆಯುತ್ತಾರೆ: ತೂಕ, ಉದ್ದ, ತಲೆಯ ಸುತ್ತಳತೆ. ಮನೆಯವರು ತೂಕವನ್ನು ಮಾತ್ರ ನೆನಪಿಟ್ಟುಕೊಂಡು ನೋಡಲು ಬಂದವರಿಗೆಲ್ಲ ಹೇಳುತ್ತಾರೆ. ಆದರೆ ಗಂಡು ಮಗುವಿನ ಸೊಂಟದ ಕೆಳಗೆ ನೋಡಬೇಕಾದ ಕೆಲವು ಸಂಗತಿಗಳಿವೆ. ಅವುಗಳನ್ನು ತಾಯಿ ನಾಚಿಕೆಯಿಂದ ಕೇಳುವುದಿಲ್ಲ, ತಂದೆಗೆ ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ದೀನಿನ ವಿಷಯದಲ್ಲಿ ಪ್ರಶ್ನೆ ಕೇಳಲು ನಾಚಬೇಡಿ ಎಂದು ಕಲಿತವರು ನಾವು. ಮಗುವಿನ ಆರೋಗ್ಯದ ವಿಷಯದಲ್ಲಿ ಯಾಕೆ ನಾಚಬೇಕು?

ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟುವ ಕ್ಷಣದಲ್ಲೇ ನಿರ್ಧಾರವಾಗಿರುತ್ತದೆ. ಆದರೆ ಹೊರಗಿನ ಅಂಗಗಳು ಗಂಡಿನ ರೂಪ ಪಡೆಯಲು ಭ್ರೂಣದ ವೃಷಣಗಳಿಂದ ಟೆಸ್ಟೋಸ್ಟಿರಾನ್ ಹಾರ್ಮೋನು ಸಾಕಷ್ಟು ಬರಬೇಕು. ಸುಮಾರು 8ರಿಂದ 14ನೇ ವಾರದವರೆಗಿನ ಅವಧಿ ಇದಕ್ಕೆ ನಿರ್ಣಾಯಕ. ಆಗ ಹಾರ್ಮೋನು ಎಷ್ಟು ಸಿಕ್ಕಿತೆಂಬುದರ ಗುರುತು ದೇಹದ ಮೇಲೆ ಉಳಿಯುತ್ತದೆ. ಗುದದ್ವಾರದಿಂದ ಜನನಾಂಗದ ಬುಡದವರೆಗಿನ ಅಂತರ ಅಂಥದ್ದೊಂದು ಗುರುತು. ಗಂಡು ಶಿಶುಗಳಲ್ಲಿ ಇದು ಹೆಣ್ಣು ಶಿಶುಗಳಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ.

ಅಮೆರಿಕದ ವಿಜ್ಞಾನಿ ಶಾನಾ ಸ್ವಾನ್ ಮತ್ತು ಸಂಗಡಿಗರು 2005ರಲ್ಲಿ 85 ತಾಯಿ-ಮಗ ಜೋಡಿಗಳ ಅಧ್ಯಯನ ಪ್ರಕಟಿಸಿದರು. ಗರ್ಭಿಣಿಯಾಗಿದ್ದಾಗ ತಾಯಿಯ ಮೂತ್ರದಲ್ಲಿ ಥ್ಯಾಲೇಟ್‌ಗಳ ಅಂಶ ಹೆಚ್ಚಿದ್ದಲ್ಲಿ ಮಗನ ಈ ಅಂತರ ಕಡಿಮೆ ಇರುವ ಒಲವು ಕಂಡಿತು. ಥ್ಯಾಲೇಟ್ ಎಂದರೆ ಪ್ಲಾಸ್ಟಿಕನ್ನು ಮೆದುಗೊಳಿಸಲು, ಸುಗಂಧವನ್ನು ಹಿಡಿದಿಡಲು ಬಳಸುವ ರಾಸಾಯನಿಕ. 2015ರಲ್ಲಿ ಇನ್ನೂ ದೊಡ್ಡ ಅಧ್ಯಯನ ನಡೆದಾಗ ಪ್ಲಾಸ್ಟಿಕ್ ಮೆದುಗೊಳಿಸುವ ಒಂದು ಥ್ಯಾಲೇಟಿನ ಮಟ್ಟಿಗೆ ಈ ಸಂಬಂಧ ಮತ್ತೆ ಕಂಡಿತು. ಸುಗಂಧದಲ್ಲಿ ಬಳಸುವುದರ ಮಟ್ಟಿಗೆ ಕಾಣಲಿಲ್ಲ.

ಹಾಗೆಂದು ಟೇಪು ಹಿಡಿದು ಮಗುವನ್ನು ಅಳೆಯಲು ಕೂರಬೇಡಿ. ಇವೆಲ್ಲ ಗುಂಪಿನ ಸರಾಸರಿಗಳು. ಒಂದು ಮಗುವಿನ ಅಂತರ ಕೆಲವು ಮಿಲಿಮೀಟರ್ ಕಡಿಮೆ ಇದೆಯೆಂದು ಆ ಮಗುವಿನ ಬಗ್ಗೆ ಏನನ್ನೂ ಹೇಳಲಾಗದು. ಬೆರಳಿನ ಅಳತೆಯದ್ದೂ ಇದೇ ಕಥೆ. ತೋರುಬೆರಳಿಗಿಂತ ಉಂಗುರ ಬೆರಳು ಉದ್ದವಿದ್ದರೆ ಗರ್ಭದಲ್ಲಿ ಪುರುಷ ಹಾರ್ಮೋನು ಹೆಚ್ಚು ಸಿಕ್ಕಿದೆ ಎಂಬ ವಾದ 1998ರಲ್ಲಿ ಜಾನ್ ಮ್ಯಾನಿಂಗ್ ಅವರ ಅಧ್ಯಯನದಿಂದ ಪ್ರಚಾರ ಪಡೆಯಿತು. ಗಂಡಸರ, ಹೆಂಗಸರ ಬೆರಳಿನ ಅಳತೆಗಳು ಒಂದರ ಮೇಲೊಂದು ಎಷ್ಟು ಬೀಳುತ್ತವೆಂದರೆ ಕೈ ನೋಡಿ ಗಂಡೋ ಹೆಣ್ಣೋ ಎಂದೂ ಹೇಳಲಾಗದು. ಆದರೂ ಬೆರಳು ನೋಡಿ ಮಗನ ಸ್ವಭಾವ ಹೇಳುವ ಸಂದೇಶಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ಇದು ಹಸ್ತಸಾಮುದ್ರಿಕವೇ, ವಿಜ್ಞಾನದ ಅಂಗಿ ತೊಟ್ಟಿದೆ ಅಷ್ಟೆ.

ನಿಜವಾಗಿ ಎಚ್ಚರ ಬೇಕಿರುವುದು ಆ ಮೊದಲ ಮೂರು ತಿಂಗಳಲ್ಲಿ. ಗಂಡು ಮಗುವಾಗಲೆಂದು ಪುಡಿ, ಬೀಜ, ಗುಳಿಗೆ ಕೊಡುವವರು ಇಂದಿಗೂ ಇದ್ದಾರೆ; ಕೆಲವರು ಹಕೀಮರೆಂದು ಹೇಳಿಕೊಳ್ಳುತ್ತಾರೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಅಂಥ ಔಷಧ ಯುನಾನಿಯಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ಹರಿಯಾಣದಲ್ಲಿ ಇಂಥ ಪುಡಿಗಳನ್ನು ಪರೀಕ್ಷಿಸಿದಾಗ ಹಾರ್ಮೋನಿನಂತೆ ವರ್ತಿಸುವ ಅಂಶಗಳು ಸಿಕ್ಕಿವೆ, ಅವನ್ನು ಸೇವಿಸಿದ ತಾಯಂದಿರ ಶಿಶುಗಳಲ್ಲಿ ಜನ್ಮದೋಷ ಹೆಚ್ಚು ಕಂಡಿದೆ. ಅಂಗಗಳು ರೂಪುಗೊಳ್ಳುತ್ತಿರುವ ವಾರಗಳಲ್ಲೇ ಇವನ್ನು ತಿನ್ನಿಸುತ್ತಾರೆ ಎಂಬುದು ದೊಡ್ಡ ಅಪಾಯ. ಸೊಸೆಗೆ ಇದನ್ನು ತಂದುಕೊಡುವ ಅತ್ತೆಯಂದಿರೇ, ಕೊಡುವವನು ಅಲ್ಲಾಹನು ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ಈ ಪೊಟ್ಟಣ ಹಿಡಿಯುವುದು ಯಾವ ನಂಬಿಕೆ?

ಪ್ಲಾಸ್ಟಿಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಸಿ ಬಿರಿಯಾನಿ, ಬಿಸಿ ಚಹಾ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುವುದು ನಿಂತರೆ ಅರ್ಧ ಕೆಲಸ ಆದಂತೆ. ಅಗ್ಗದ ಅತ್ತರುಗಳಲ್ಲಿ ಗಂಧಕ್ಕಿಂತ ರಾಸಾಯನಿಕ ದ್ರಾವಕವೇ ಹೆಚ್ಚಿರಬಹುದು. ಗರ್ಭಿಣಿ ಆ ದಿನಗಳಲ್ಲಿ ಅದನ್ನು ಮೈಗೆ ಸವರದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ಮುಂಜಿಯ ವಿಷಯ. ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿ ತೆರೆದುಕೊಳ್ಳುವ ದೋಷವೊಂದಿದೆ. ಸರಿಸುಮಾರು 200ರಿಂದ 300 ಗಂಡು ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ. ಇದಕ್ಕೆ ಹಲವು ಕಾರಣಗಳಿರಬಹುದು, ಗರ್ಭದಲ್ಲಿ ಹಾರ್ಮೋನಿನ ಕೊರತೆಯೂ ಅವುಗಳಲ್ಲೊಂದು. ಈ ಮಕ್ಕಳ ಮುಂದೊಗಲು ಮೇಲ್ಭಾಗದಲ್ಲಿ ಮಾತ್ರ ಟೊಪ್ಪಿಗೆಯಂತಿದ್ದು ತುದಿ ತೆರೆದಿರುತ್ತದೆ. ಅದನ್ನು ಕಂಡು ಹಿರಿಯರು 'ಹುಟ್ಟುವಾಗಲೇ ಸುನ್ನತಿ ಆಗಿದೆ' ಎಂದು ಸಂತೋಷಪಡುವುದುಂಟು. ಸಂತೋಷಪಡುವುದಲ್ಲ, ವೈದ್ಯರಿಗೆ ತೋರಿಸಬೇಕಾದ ಲಕ್ಷಣ ಅದು. ಮುಂಜಿ ಮಾಡುವವನು ಉಳಿದ ಚರ್ಮವನ್ನೂ ಕತ್ತರಿಸಿಬಿಟ್ಟರೆ, ದೋಷ ಸರಿಪಡಿಸಲು ಶಸ್ತ್ರಚಿಕಿತ್ಸಕರಿಗೆ ಬೇಕಾದ ಚರ್ಮವೇ ಇಲ್ಲವಾಗುತ್ತದೆ.

ಏಳನೇ ದಿನ ಅಕೀಕಾದ ಜೊತೆಗೇ ಮುಂಜಿ ಮುಗಿಸುವ ಮನೆಗಳಿವೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದಕ್ಕೆ ಮೊದಲು ಮಕ್ಕಳ ವೈದ್ಯರೊಬ್ಬರು ನೋಡಿರಬೇಕು. ಮೂತ್ರದ ರಂಧ್ರ ಎಲ್ಲಿದೆ, ಎರಡೂ ವೃಷಣಗಳು ಚೀಲದಲ್ಲಿವೆಯೇ ಎಂದು ಬಾಯಿಬಿಟ್ಟು ಕೇಳಿ. ವೃಷಣ ಇಳಿಯದಿದ್ದರೆ ಆರು ತಿಂಗಳವರೆಗೆ ಕಾಯಬಹುದು. ಆಮೇಲೆ ತಾನಾಗಿ ಇಳಿಯುವುದು ವಿರಳ, ಶಸ್ತ್ರಚಿಕಿತ್ಸೆಗೆ ತಡಮಾಡಬಾರದು. ಎರಡೂ ಕೈಗೆ ಸಿಗದಿದ್ದರೆ, ಅಥವಾ ಮಗು ಗಂಡೋ ಹೆಣ್ಣೋ ಎಂದು ಅನುಮಾನ ಬರುವಂತಿದ್ದರೆ, ಒಂದು ದಿನವೂ ಕಾಯಬೇಡಿ. ಅಡ್ರಿನಲ್ ಗ್ರಂಥಿಯ ಒಂದು ಆನುವಂಶಿಕ ಕಾಯಿಲೆಯಲ್ಲಿ ಹೆಣ್ಣು ಶಿಶುವಿನ ಅಂಗ ಗಂಡಿನಂತೆ ಕಾಣುತ್ತದೆ. ಅಂಥ ಮಗು ಒಂದೆರಡು ವಾರಗಳಲ್ಲಿ ವಾಂತಿಯಾಗಿ, ದೇಹದ ಉಪ್ಪಿನಂಶ ಕಳೆದುಕೊಂಡು ಪ್ರಾಣ ಬಿಡಬಹುದು. ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಇದರ ಸಾಧ್ಯತೆ ಹೆಚ್ಚು. ಜನ ಏನೆಂದಾರು ಎಂದು ಬಟ್ಟೆ ಸುತ್ತಿ ಮುಚ್ಚಿಡುವ ಸಂಗತಿಯಲ್ಲ ಇದು.

ರಂಧ್ರದ ದೋಷವಿದ್ದರೆ ಮುಂಜಿ ತಪ್ಪಿಹೋಯಿತೆಂಬ ಚಿಂತೆಯೂ ಬೇಡ. ಸಾಮಾನ್ಯವಾಗಿ ಆರರಿಂದ ಹದಿನೆಂಟು ತಿಂಗಳೊಳಗೆ ಮಾಡುವ ಆ ಶಸ್ತ್ರಚಿಕಿತ್ಸೆಯಲ್ಲಿ ಮುಂದೊಗಲನ್ನು ಬಳಸಿಕೊಳ್ಳುವುದರಿಂದ ಅದರ ಜೊತೆಗೇ ಮುಂಜಿಯನ್ನೂ ಮುಗಿಸಬಹುದು. ಮೊದಲ ಭೇಟಿಯಲ್ಲೇ ಶಸ್ತ್ರಚಿಕಿತ್ಸಕರಿಗೆ ಈ ಮಾತು ತಿಳಿಸಿಡಿ.