ಪರಿಸರದ ಪಾಠದಲ್ಲಿ ಯುವಜನರ ಬದುಕೆಲ್ಲಿ?

ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಿಂದಾಗಿ ಪರಿಸರ ಅಧ್ಯಯನ ನಮ್ಮ ಪದವಿ ತರಗತಿಗಳೊಳಕ್ಕೆ ಕಡ್ಡಾಯವಾಗಿ ಬಂತು. ಉದ್ದೇಶ ದೊಡ್ಡದೇ. ಆದರೆ ಹೆಚ್ಚಿನ ವಿದ್ಯಾರ್ಥಿಗಳ ಪಾಲಿಗೆ ಅದು ಪಾಸಾದರೆ ಸಾಕು ಎನ್ನುವ ಪತ್ರಿಕೆಯಾಗಿಯೇ ಉಳಿದಿದೆ. ಆಹಾರ ಸರಪಳಿ, ಓಝೋನ್ ಪದರ, ಜೀವವೈವಿಧ್ಯ ಎಲ್ಲವೂ ಅದರಲ್ಲಿವೆ. ಮಳೆ ಕೈಕೊಟ್ಟ ತಾಲ್ಲೂಕಿನಿಂದ ಬಂದ ಹುಡುಗಿ ನಾಳೆ ಯಾವ ಊರಲ್ಲಿ, ಏನು ಕೆಲಸ ಮಾಡಿ ಬಾಳಬೇಕು ಎಂಬ ಪ್ರಶ್ನೆ ಮಾತ್ರ ಇಲ್ಲ. ಇತ್ತ ಸಮಾಜಶಾಸ್ತ್ರ, ಅರ್ಥಶಾಸ್ತ್ರದ ತರಗತಿಗಳಲ್ಲಿ ವಲಸೆ, ನಿರುದ್ಯೋಗಗಳ ಪಾಠ ನಡೆಯುವಾಗ ಬತ್ತಿದ ಕೊಳವೆಬಾವಿಯ ಮಾತು ಬರುವುದು ಅಪರೂಪ. ಯುವಜನರ ಬದುಕನ್ನೂ ನೆಲಜಲದ ನಾಳೆಯನ್ನೂ ಒಟ್ಟಿಗೆ ಓದುವ ಶಿಸ್ತು ನಮ್ಮ ವಿಶ್ವವಿದ್ಯಾಲಯಗಳಿಗೆ ಬೇಕು.

ಪಾವಗಡವನ್ನೇ ನೋಡಿ. ಬರಕ್ಕೆ ಹೆಸರಾದ ಆ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎಷ್ಟೋ ರೈತರಿಗೆ ಬೆಳೆಗಿಂತ ನಂಬಿಕಸ್ತ ಆದಾಯವಾಯಿತು. ಮೆಗಾವಾಟ್ ಲೆಕ್ಕದಲ್ಲಿ ಇದು ಸುಸ್ಥಿರ ಅಭಿವೃದ್ಧಿಯ ಮಾದರಿ. ಅದೇ ಊರಿನ ಇಪ್ಪತ್ತರ ಹರೆಯದವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಜಮೀನುಳ್ಳವರ ಮಕ್ಕಳಿಗೆ ಬಾಡಿಗೆಯ ಆಸರೆಯಿದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ, ಅಲ್ಲಿ ಕುರಿ ಮೇಯಿಸುತ್ತಿದ್ದವರ ಮಕ್ಕಳಿಗೆ ಅದೂ ಇಲ್ಲ. ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಎಲ್ಲರಿಗೂ ಸಿಗುವಷ್ಟಿಲ್ಲ. ಒಂದೇ ಯೋಜನೆ ಒಂದೇ ಊರಿನ ಯುವಜನರನ್ನು ಹೀಗೆ ಬೇರೆ ಬೇರೆ ದಾರಿಗೆ ಹಚ್ಚುತ್ತದೆ. ಇದನ್ನು ಎಂಜಿನಿಯರಿಂಗ್ ವಿಭಾಗ ಒಂದೇ ಅಳೆಯಲಾರದು, ಸಮಾಜಶಾಸ್ತ್ರವೂ ಒಂದೇ ಅಳೆಯಲಾರದು.

ಯುವಜನರ ಮನಸ್ಸನ್ನು ಅರಿಯುವ ಯತ್ನಗಳು ನಡೆದಿಲ್ಲವೆಂದಲ್ಲ. ಭಾರತವೂ ಸೇರಿ 10 ದೇಶಗಳ 16ರಿಂದ 25 ವರ್ಷದ 10,000 ಮಂದಿಯ ಸಮೀಕ್ಷೆಯೊಂದು 2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ನಲ್ಲಿ ಪ್ರಕಟವಾಯಿತು. ಹವಾಮಾನ ಬದಲಾವಣೆಯಿಂದಾಗಿ ಭವಿಷ್ಯ ಭಯ ಹುಟ್ಟಿಸುತ್ತದೆ ಎಂದವರು ನೂರಕ್ಕೆ 75. ಮಹತ್ವದ ಕೆಲಸ, ನಿಜ. ಆದರೆ ಅದು ಆನ್‌ಲೈನ್ ಸಮೀಕ್ಷೆ. ಪಾವಗಡದ ಕೂಲಿಕಾರರ ಮಗನ ಆತಂಕ ಅಂಥದ್ದರಲ್ಲಿ ಸುಲಭವಾಗಿ ದಾಖಲಾಗುವುದಿಲ್ಲ. ಅವನ ಭಾಷೆಯಲ್ಲೇ ಅವನನ್ನು ಮಾತಾಡಿಸಬಲ್ಲವರು ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು.

ಬದುಕು, ನೆಲಜಲಗಳನ್ನು ಒಟ್ಟಿಗೆ ನೋಡುವ ಇಂಥ ವಿಷಯ ಓದಿದರೆ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ದೇಶದ ಯುವ ಪದವೀಧರರಲ್ಲಿ ನಿರುದ್ಯೋಗ ಪ್ರಮಾಣ ಶೇ 29.1, ಓದುಬರಹ ಬಾರದ ಯುವಜನರಲ್ಲಿ ಶೇ 3.4. ಬಡವರ ಮಕ್ಕಳು ಕೆಲಸವಿಲ್ಲದೆ ಕೂರಲಾರರು ಎಂಬುದೂ ಈ ಅಂತರಕ್ಕೆ ಒಂದು ಕಾರಣ. ಆದರೂ ಈಗಿನ ಪದವಿಗಳೇ ಕೆಲಸದ ಖಾತರಿ ಕೊಡುತ್ತಿಲ್ಲ ಎಂದಮೇಲೆ ಹೊಸ ವಿಷಯವೊಂದರಿಂದ ಮಾತ್ರ ಆ ಖಾತರಿ ಕೇಳುವುದು ನ್ಯಾಯವಲ್ಲ. ಪಂಚಾಯಿತಿಯ ನೀರಿನ ಲೆಕ್ಕ, ಬೆಳೆವಿಮೆ, ಸೌರ ಯೋಜನೆಗಳಿಂದ ಕೆಲಸ ಕಳೆದುಕೊಂಡವರ ಪುನರ್ವಸತಿ, ಇಲ್ಲೆಲ್ಲ ಊರನ್ನು ಬಲ್ಲ ಪದವೀಧರರ ಅಗತ್ಯವಿದೆ.

ಇಂಥ ಅಧ್ಯಯನ ಪಾಠವಲ್ಲ, ಚಳವಳಿ ಎನ್ನುವ ಆಕ್ಷೇಪವೂ ಬರುತ್ತದೆ. ವಿದ್ಯಾರ್ಥಿಗೆ ತೀರ್ಮಾನವನ್ನು ಮೊದಲೇ ಕೊಟ್ಟು ಊರಿಗೆ ಕಳಿಸಿದರೆ ಆ ದೂರು ಸರಿ. ಬಾಡಿಗೆಯಿಂದ ನೆಮ್ಮದಿ ಕಂಡ ರೈತನ ಮಾತನ್ನೂ ಕೂಲಿ ಕಳೆದುಕೊಂಡವಳ ಮಾತನ್ನೂ ಒಂದೇ ಶ್ರದ್ಧೆಯಿಂದ ಬರೆದುಕೊಳ್ಳುವುದು ಸಂಶೋಧನೆಯ ಮೊದಲ ಪಾಠ. ಇನ್ನು ಹಣ, ಅಧ್ಯಾಪಕರ ಕೊರತೆ: ಅದು ನಿಜವಾದ ತೊಡಕು. ಹೊಸ ವಿಭಾಗ, ಹೊಸ ಕಟ್ಟಡದಿಂದ ಶುರು ಮಾಡಬೇಕಿಲ್ಲ. ಈಗಿರುವ ಕಡ್ಡಾಯ ಪತ್ರಿಕೆಯ ಅರ್ಧದಷ್ಟು ಅಂಕಗಳನ್ನು ಕ್ಷೇತ್ರಾಧ್ಯಯನಕ್ಕೆ ಮೀಸಲಿಟ್ಟು, ಪ್ರತಿ ಕಾಲೇಜೂ ಸುತ್ತಲಿನ ಎರಡು ಮೂರು ಹಳ್ಳಿಗಳನ್ನು ಆರಿಸಿಕೊಂಡು, ಪ್ರತಿ ತಂಡವೂ ಹಿಂದಿನ ತಂಡದ ದಾಖಲೆಯನ್ನು ಮುಂದುವರಿಸುವಂತೆ ಮಾಡಬಹುದು. ಆ ವರದಿಗಳು ಕನ್ನಡದಲ್ಲಿರಬೇಕು, ಅವನ್ನು ಗ್ರಾಮಸಭೆಯಲ್ಲಿ ಓದಬೇಕು. ತಪ್ಪಿದ್ದರೆ ಊರಿನವರೇ ತಿದ್ದಲಿ.