ಡಬ್ಬಿ ತಿರುಗಿಸಿ ನೋಡಿ

ಎರಡು ತಿಂಗಳ ಮಗಳಿಗೆ ಕಕ್ಕ ಕಲ್ಲಿನ ಹಾಗೆ ಗಟ್ಟಿ. ಮೆಡಿಕಲ್ ಶಾಪಿನವನು "ಲ್ಯಾಕ್ಟೋಸ್ ಆಗ್ತಿಲ್ಲ ಸಾರ್, ಅದಿಲ್ಲದ್ದು ತಗೊಳ್ಳಿ" ಅಂತ ಇನ್ನೂ ದುಬಾರಿ ಡಬ್ಬಿ ಮುಂದಿಟ್ಟ. ಅಲ್ಲ ಸ್ವಾಮಿ, ತಾಯಿಹಾಲಿನ ಮುಖ್ಯ ಸಕ್ಕರೆಯೇ ಲ್ಯಾಕ್ಟೋಸ್! ಅದು ಆಗದಿದ್ರೆ ಭೇದಿ ಆಗ್ಬೇಕಿತ್ತು.

ಹಳೇ ಡಬ್ಬಿ ತಿರುಗಿಸಿ ಓದಿದೆ. ಪಾಮ್ ಓಲೀನ್, ಅಂದ್ರೆ ತಾಳೆ ಎಣ್ಣೆ. ಪಾಮಿಟಿಕ್ ಆಮ್ಲ ತಾಯಿಹಾಲಲ್ಲೂ ಇದೆ, ಆದರೆ ಹೆಚ್ಚಿನದು ಕೊಬ್ಬಿನ ಅಣುವಿನ ನಡುವೆ ಕೂತಿರುತ್ತೆ. ತಾಳೆ ಎಣ್ಣೆಯಲ್ಲಿ ಅದು ತುದಿಗಳಲ್ಲಿ. ಕರುಳಲ್ಲಿ ಕಳಚಿಕೊಂಡು ಕ್ಯಾಲ್ಸಿಯಂ ಜತೆ ಸೇರಿ ಸೋಪಾಗುತ್ತೆ. ಮಲ ಗಟ್ಟಿ, ಕ್ಯಾಲ್ಸಿಯಮ್ಮೂ ಲಾಸು.

"ಊರಿಂದ ಹಸುವಿನ ಹಾಲು ಕಳಿಸ್ಲೇನೋ?" ಅಂದ್ರು ಅಮ್ಮ. ಅದರ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸೀನ್, ತಾಯಿಹಾಲಲ್ಲಿ ಶೇ. 40ರ ಆಸುಪಾಸು. ಬೇಡಮ್ಮ ಅಂದೆ.

ಫಾರ್ಮುಲಾ ವಿಷ ಅಂತ ನಾನು ಹೇಳ್ತಿಲ್ಲ. ಹಾಲು ಸಾಲದ ತಾಯಂದಿರಿಗೆ ಉಪದೇಶ ಬಿಗಿಯೋರನ್ನ ಕಂಡ್ರೆ ನಂಗೂ ಆಗಲ್ಲ. ಡಬ್ಬಿ ಮೇಲೆ ಮಗುವಿನ ಚಿತ್ರ ಹಾಕಬಾರದು ಅಂತ 1992ರ ಕಾಯ್ದೆ ಹೇಳಿತು, ಒಳ್ಳೇದೇ. ಆದರೆ ಎಣ್ಣೆ ಯಾವುದು ಅನ್ನೋದು ಹಿಂದುಗಡೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿರುತ್ತೆ. ಹೊಸ ಫೋನಿನ ಸ್ಪೆಕ್ಸ್ ಸಾಲುಸಾಲಾಗಿ ಓದೋ ನಾವು ಅದನ್ನ ಮಾತ್ರ ಓದಲ್ಲ, ಅಂಗಡಿಯವನನ್ನ ಕೇಳ್ತೀವಿ.

ಈ ಸಲ ಮಕ್ಕಳ ಡಾಕ್ಟರನ್ನ ಕೇಳಿ, ಪಾಮ್ ಓಲೀನ್ ಇಲ್ಲದ್ದು ತಂದೆ.